ಪೂಜಿಸುವ ಕಲ್ಲು, ಒರೆಸುವ ಕಲ್ಲು: ಸ್ಥಳೀಯ ವಸ್ತುಸಂಗ್ರಹಾಲಯದ ದಿನಗೆಲಸ

ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವು ಕರ್ನಾಟಕದ ಇತಿಹಾಸ ಗ್ರಂಥಗಳಲ್ಲಿ ಎರಡು ಕಾರಣಗಳಿಗಾಗಿ ಪ್ರಸಿದ್ಧವಾಗಿದೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಕುಮಾರ ರಾಜಾದಿತ್ಯನು ಗಂಗರ ಇಮ್ಮಡಿ ಬೂತುಗನಿಂದ ಹತನಾದ ಸಂಗತಿಯನ್ನೂ, ಅದಕ್ಕಾಗಿ ರಾಷ್ಟ್ರಕೂಟ ಮೂರನೆಯ ಕೃಷ್ಣನು ಬೂತುಗನಿಗೆ ನೀಡಿದ ನಾಡುಗಳನ್ನೂ ಅದು ದಾಖಲಿಸುತ್ತದೆ ಎಂಬುದು ಮೊದಲನೆಯ ಕಾರಣ. ಎರಡನೆಯದು ನಾಯಿ. ಬೂತುಗನ ಸೇವಕನಾದ ಮಣಲೆರನು ತನ್ನ ಪರಾಕ್ರಮಕ್ಕೆ ಮೆಚ್ಚಿದ ಒಡೆಯನಿಂದ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಆ ನಾಯಿಯು ದೊಡ್ಡದೊಂದು ಹಂದಿಯ ಮೇಲೆ ಎರಗಿ, ಎರಡೂ ಒಂದನ್ನೊಂದು ಕೊಂದುಕೊಂಡವು. ಕಲ್ಲಿನ ಮೇಲ್ಭಾಗದಲ್ಲಿ ಈ ಕಾಳಗದ ಕೆತ್ತನೆಯಿದೆ. ಕ್ರಿ.ಶ. ೯೪೯-೫೦ರ ಈ ಶಾಸನವನ್ನು ಫ್ಲೀಟ್ ಮತ್ತು ರೈಸ್ ಅವರು ಪ್ರಕಟಿಸಿದ ನಂತರ ರಾಷ್ಟ್ರಕೂಟ, ಗಂಗ, ಚೋಳ ಇತಿಹಾಸವನ್ನು ಬರೆದ ಯಾರೂ ಇದನ್ನು ಬಿಟ್ಟು ಮುಂದೆ ಹೋಗಿಲ್ಲ.

ಆದರೆ ಶಾಸನದಲ್ಲಿ ಮೂರನೆಯ ಸಂಗತಿಯೊಂದಿದೆ. ವಿದ್ವಾಂಸರ ಗಮನ ಅದರ ಕಡೆಗೆ ಹರಿದದ್ದು ಕಡಮೆ. ನಾಯಿಯ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲನ್ನು ನಿಲ್ಲಿಸಿ, ಅದಕ್ಕೆಂದು ಭೂಮಿಯನ್ನು ಬಿಡಲಾಯಿತು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ನಾಯಿ ಮಾಡಿದ ಪಾಪಕ್ಕೆ ತಾನು ಹೊಣೆಯಾಗುವನೆಂದು ಶಾಸನ ಎಚ್ಚರಿಸುತ್ತದೆ. ಕಲ್ಲನ್ನು ನಿಲ್ಲಿಸಿದರೆ ಸಾಲದು, ದಿನವೂ ಅದರ ಬಳಿಗೆ ಒಬ್ಬ ಮನುಷ್ಯ ಬರಬೇಕು ಎಂಬ ಅರಿವು ಹತ್ತನೆಯ ಶತಮಾನದವರಿಗೆ ಇತ್ತು. ಆದ್ದರಿಂದಲೇ ಅವರು ವೀರನ ಹೆಸರಿನ ಜೊತೆಗೆ ಕಲ್ಲಿನ ದಿನಗೆಲಸವನ್ನೂ, ಆ ಕೆಲಸಕ್ಕೆ ಸಲ್ಲಬೇಕಾದ ಜೀವನಾಂಶವನ್ನೂ, ಕೆಲಸ ತಪ್ಪಿದರೆ ಬರುವ ದೋಷವನ್ನೂ ಅದೇ ಕಲ್ಲಿನ ಮೇಲೆ ಕೆತ್ತಿಸಿದರು.

ಆ ಕಲ್ಲು ಆತಕೂರಿನಲ್ಲಿ ಉಳಿದಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಅದು ಸೇರಿದೆ. ಗೊರವನ ಸ್ಥಾನದಲ್ಲಿ ಈಗ ಇರುವವನು ಸಂಗ್ರಹಾಲಯದ ಪರಿಚಾರಕ. ಆತನ ಕೈಯಲ್ಲಿ ಹೂವಿನ ಬದಲು ಮೃದುವಾದ ಕುಂಚವೂ ಒಣಬಟ್ಟೆಯೂ ಇವೆ. ಇಬ್ಬರ ಕೆಲಸದ ನಡುವೆ ಅಂತರ ಇರುವುದು ನಿಜ. ಆದರೆ ತೋರಿಕೆಗೆ ಕಾಣುವಷ್ಟು ದೊಡ್ಡ ಅಂತರವಲ್ಲ. ಕರ್ನಾಟಕದ ವಸ್ತುಸಂಗ್ರಹಾಲಯಗಳ ಕುರಿತು ಬಂದಿರುವ ಬರವಣಿಗೆಯು ಬಹುಮಟ್ಟಿಗೆ ವಸ್ತುಗಳ ಪಟ್ಟಿಯೇ ಆಗಿದೆ. ಯಾವ ಕಾಲದ ಶಿಲ್ಪ, ಯಾವ ಶೈಲಿ, ಎಷ್ಟು ನಾಣ್ಯ, ಯಾವ ರಾಜಮನೆತನ ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿದೆ. ಬೆಳಿಗ್ಗೆ ಬೀಗ ತೆಗೆದು ಸಂಜೆ ಬೀಗ ಹಾಕುವವರೆಗೆ ಆ ವಸ್ತುಗಳ ನಡುವೆ ನಡೆಯುವ ಕೆಲಸವೇನು, ಆ ಕೆಲಸದಿಂದ ಇತಿಹಾಸದ ಅರಿವಿಗೆ ಏನು ಸೇರುತ್ತದೆ, ಏನು ಕಳೆದುಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ. ಸಣ್ಣ ಸಂಗ್ರಹಾಲಯಗಳ ಮಟ್ಟಿಗಂತೂ ಈ ಪ್ರಶ್ನೆಯೇ ಮುಖ್ಯವಾದುದು. ಅಲ್ಲಿ ಸಂಶೋಧಕನು ಬರುವುದು ಅಪರೂಪ, ಪರಿಚಾರಕನು ಬಾರದ ದಿನ ಅಪರೂಪ.

ಈ ಸಂಸ್ಥೆಗಳ ಹುಟ್ಟಿನಲ್ಲಿಯೇ ಇದಕ್ಕೆ ಒಂದು ಕಾರಣವನ್ನು ಗುರುತಿಸಬಹುದು. ಬೆಂಗಳೂರಿನ ಸಂಗ್ರಹಾಲಯವು ೧೮೬೫ರಲ್ಲಿ, ಬೌರಿಂಗ್ ಅವರು ಮೈಸೂರಿನ ಕಮಿಷನರ್ ಆಗಿದ್ದ ಕಾಲದಲ್ಲಿ, ಶಸ್ತ್ರವೈದ್ಯ ಎಡ್ವರ್ಡ್ ಬಾಲ್ಫೋರ್ ಅವರ ಪ್ರಯತ್ನದಿಂದ ಆರಂಭವಾಯಿತು. ಮದ್ರಾಸಿನ ಸಂಗ್ರಹಾಲಯದ ಸ್ಥಾಪನೆಯಲ್ಲಿಯೂ ಅವರ ಪಾತ್ರವೇ ಮುಖ್ಯವಾಗಿತ್ತು. ನಾಡಿನ ಉತ್ಪನ್ನಗಳನ್ನೂ ಪ್ರಾಣಿ, ಖನಿಜಗಳ ಮಾದರಿಗಳನ್ನೂ ಒಂದೆಡೆ ಕೂಡಿಸಿ ಜನರಿಗೆ ತೋರಿಸುವುದು ಆ ಕಾಲದ ಇಂಥ ಸಂಸ್ಥೆಗಳ ಉದ್ದೇಶ. ೧೮೭೭ರಲ್ಲಿ ಸ್ಯಾಂಕಿ ಅವರ ವಿನ್ಯಾಸದ ಕೆಂಪು ಕಟ್ಟಡ ಸಿದ್ಧವಾಯಿತು. ೧೮೮೫ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆ ರೂಪುಗೊಂಡು, ರೈಸ್ ಅವರ ಶಾಸನ ಸಂಗ್ರಹಣೆ ಹಬ್ಬಿದ ಮೇಲೆ ಕಲ್ಲುಗಳ ಮಹತ್ತ್ವ ಬೆಳೆಯಿತು. ಮಾದರಿಯಾಗಿ ಇಡುವ ವಸ್ತುವಿಗೆ ಊರು ಮುಖ್ಯವಲ್ಲ. ಒಂದು ಬಗೆಯ ಅದಿರಿಗೆ ಅದೇ ಬಗೆಯ ಇನ್ನೊಂದು ಅದಿರು ಬದಲಾಗಬಲ್ಲದು. ವೀರಗಲ್ಲಿಗೆ ಇದು ಅನ್ವಯಿಸುವುದಿಲ್ಲ. ಆದರೂ ಅದಿರಿನ ತುಂಡಿಗೆ ಬರೆಯುವ ಫಲಕದ ಮಾದರಿಯಲ್ಲಿಯೇ ವೀರಗಲ್ಲಿಗೂ ಫಲಕ ಬರೆಯುವ ರೂಢಿ ಬೆಳೆದು, ಆನಂತರ ಹುಟ್ಟಿದ ಜಿಲ್ಲಾ ಸಂಗ್ರಹಾಲಯಗಳಿಗೂ ಅದು ಬಂದಿತು.

ಜಿಲ್ಲೆಯ ಸಂಗ್ರಹಾಲಯಗಳಿಗೆ ಇನ್ನೊಂದು ಲಕ್ಷಣವಿದೆ. ಅವುಗಳಲ್ಲಿ ಹೆಚ್ಚಿನವು ಸಂಗ್ರಹಾಲಯಕ್ಕೆಂದು ಕಟ್ಟಿದ ಕಟ್ಟಡದಲ್ಲಿಲ್ಲ. ವಿಜಯಪುರದಲ್ಲಿ ೧೮೯೨ರಲ್ಲಿ ಆರಂಭವಾದ ಸಂಗ್ರಹಾಲಯವು ಗೋಲಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ನೆಲೆಗೊಂಡಿತು. ಮಡಿಕೇರಿಯದು ಕೋಟೆಯೊಳಗೆ ೧೮೫೫ರಲ್ಲಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚು. ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಹೆಸರಿನ ಅರಮನೆ. ಮಂಗಳೂರಿನ ಬಿಜೈಯಲ್ಲಿ ಕರ್ನಲ್ ಮಿರಜ್‌ಕರ್ ಅವರು ತಾಯಿ ಶ್ರೀಮಂತಿಬಾಯಿಯವರ ಸ್ಮರಣೆಗೆ ಕೊಟ್ಟ, ಹಡಗಿನ ಆಕಾರದ ಮನೆಯಲ್ಲಿ ೧೯೬೦ರಲ್ಲಿ ಸಂಗ್ರಹಾಲಯ ತೆರೆಯಿತು. ಪರಂಪರೆಯ ಕಟ್ಟಡಕ್ಕೆ ಯೋಗ್ಯವಾದ ಉಪಯೋಗ ದೊರೆಯಿತೆಂದು ಇದನ್ನು ಮೆಚ್ಚುವುದು ವಾಡಿಕೆ. ಮೆಚ್ಚುವವರು ಅಲ್ಲಿ ಕೆಲಸ ಮಾಡುವವರಲ್ಲ ಎಂಬುದನ್ನೂ ನೆನೆಯಬೇಕು. ಬಣ್ಣದ ಗಾಜಿನ ಎತ್ತರದ ಕಿಟಕಿಯಿಂದ ಬೀಳುವ ಬಿಸಿಲು ದಿನದ ಒಂದೊಂದು ಹೊತ್ತಿನಲ್ಲಿ ಒಂದೊಂದು ವಸ್ತುವಿನ ಮೇಲೆ ಬೀಳುತ್ತದೆ. ಮರದ ಕಂಬದ ಅರಮನೆಯಲ್ಲಿ ಗೆದ್ದಲನ್ನು ಮೊದಲು ಹುಡುಕಬೇಕಾದುದು ಸಂಗ್ರಹದಲ್ಲಲ್ಲ, ಕಟ್ಟಡದಲ್ಲಿ. ಅರಮನೆಯಾಗಲಿ ಚರ್ಚಾಗಲಿ ಸ್ವತಃ ಸಂರಕ್ಷಿತ ಸ್ಮಾರಕವಾಗಿದ್ದರೆ ಒಂದು ಮೊಳೆ ಹೊಡೆಯುವುದಕ್ಕೂ ಮೇಲಿನ ಅನುಮತಿ ಬೇಕು. ಕಟ್ಟಡವನ್ನು ಕಾಯುವುದು ಯಾವುದು, ವಸ್ತುವನ್ನು ಕಾಯುವುದು ಯಾವುದು ಎಂಬುದು ಇಂಥಲ್ಲಿ ಬೇರೆ ಬೇರೆಯಾಗಿ ಉಳಿಯುವುದಿಲ್ಲ.

ಮಳೆಗಾಲ ಬಂದಾಗ ಈ ಕೆಲಸದ ಸ್ವರೂಪ ಸ್ಪಷ್ಟವಾಗಿ ಕಾಣುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಗೋಡೆ, ಬಟ್ಟೆ, ಕಾಗದಗಳೆಲ್ಲ ನೀರನ್ನು ಹೀರಿಕೊಂಡೇ ಇರುತ್ತವೆ. ನಾಣ್ಯದ ಪೆಟ್ಟಿಗೆಯಲ್ಲಿ ಇರಿಸಿದ ಸಿಲಿಕಾ ಜೆಲ್ ಹರಳುಗಳು ತೇವವನ್ನು ಹೀರಿದಂತೆ ನೀಲಿ ಬಣ್ಣದಿಂದ ತಿಳಿಗೆಂಪಿಗೆ ತಿರುಗುತ್ತವೆ. ಅವನ್ನು ತೆಗೆದು, ಕಾಯಿಸಿ, ನೀಲಿ ಮರಳಿದ ಮೇಲೆ ಮತ್ತೆ ಇಡಬೇಕು. ಒಣಹವೆಯ ಜಿಲ್ಲೆಯಲ್ಲಿ ತಿಂಗಳಿಗೊಮ್ಮೆ ನೋಡಿದರೆ ಸಾಕಾಗುವ ಹರಳನ್ನು ಇಲ್ಲಿ ಮತ್ತೆಮತ್ತೆ ನೋಡಬೇಕಾಗುತ್ತದೆ. ಕಂಚಿನ ವಿಗ್ರಹದ ಮೇಲೆ ತಿಳಿಹಸಿರು ಪುಡಿಯಂತಹ ಚುಕ್ಕೆ ಕಂಡರೆ ಅದು ಕಾಲದಿಂದ ಬಂದ ಗೌರವದ ಹಸಿರಲ್ಲ, ಲೋಹವನ್ನು ತಿನ್ನುವ ರೋಗ. ಅದನ್ನು ಮೊದಲ ದಿನವೇ ಗುರುತಿಸಿ ಬೇರೆ ಇಡುವ ಕಣ್ಣು ಪುಸ್ತಕದಿಂದ ಬರುವಂಥದಲ್ಲ. ನೆಲದ ತೇವವನ್ನು ಹೀರಿದ ಕಲ್ಲು ಬೇಸಗೆಯಲ್ಲಿ ಒಣಗುವಾಗ ಒಳಗಿನ ಉಪ್ಪು ಮೇಲೆ ಬಂದು ಬಿಳಿಯ ಹೂ ಬಿಟ್ಟಂತೆ ಕಾಣುತ್ತದೆ. ಅದನ್ನು ಒರೆಸಿದರೆ ಅಕ್ಷರದ ಅಂಚೂ ಉದುರಬಹುದು. ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿದ ಕಾಗದದ ತಿರುಳನ್ನು ಕಲ್ಲಿಗೆ ಮೆತ್ತಿ, ಅದು ಒಣಗುತ್ತ ಉಪ್ಪನ್ನು ಎಳೆದುಕೊಂಡ ಮೇಲೆ ತೆಗೆದು, ಮತ್ತೆ ಮೆತ್ತಬೇಕು. ವಾರಗಟ್ಟಲೆ ನಡೆಯುವ ಈ ಕೆಲಸದ ಫಲವೆಂದರೆ ಕಲ್ಲು ಮೊದಲು ಹೇಗಿತ್ತೋ ಹಾಗೆಯೇ ಕಾಣುವುದು. ಸಂದರ್ಶಕನ ಕಣ್ಣಿಗೆ ಅಲ್ಲಿ ಏನೂ ನಡೆದಿರುವುದಿಲ್ಲ.

ತಾಳೆಗರಿಗಳ ವಿಷಯವೂ ಇದೇ. ಕಟ್ಟು ಬಿಚ್ಚಿ, ಒಂದೊಂದು ಗರಿಯನ್ನೂ ಒರೆಸಿ, ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಸವರಿ, ಅಕ್ಷರ ಮಾಸಿದ್ದರೆ ದೀಪದ ಮಸಿಯನ್ನು ತುಂಬಿ, ಮತ್ತೆ ಅದೇ ಅನುಕ್ರಮದಲ್ಲಿ ಪೋಣಿಸಬೇಕು. ಅನುಕ್ರಮ ತಪ್ಪಿದರೆ ಓದು ಬಲ್ಲವನು ಬಂದು ಸರಿಪಡಿಸುವವರೆಗೆ ಗ್ರಂಥವು ಇದ್ದೂ ಇಲ್ಲದಂತೆ. ಸಾಗರ ತಾಲ್ಲೂಕಿನ ಕೆಳದಿಯ ಸಂಗ್ರಹಾಲಯವನ್ನು ಕಟ್ಟಿದ ಕೆಳದಿ ಗುಂಡಾ ಜೋಯಿಸರಲ್ಲಿ ಸಂಗ್ರಾಹಕನೂ ಓದುಗನೂ ವಿವರಣೆಕಾರನೂ ಒಬ್ಬರೇ ಆಗಿದ್ದರು. ಅವರಿಗೆ ತಿಗಳಾರಿ ಲಿಪಿಯ ಗರಿಯನ್ನು ಓದಲು ಬರುತ್ತಿತ್ತು; ಅದೇ ಗರಿಯನ್ನು ಕಾಯುವ ಹೊಣೆಯೂ ಅವರದಾಗಿತ್ತು. ಇಂಥ ಸಂಗ್ರಹಾಲಯದ ಬಲವೂ ಮಿತಿಯೂ ಇಲ್ಲಿಯೇ ಇವೆ. ೨೦೨೪ರಲ್ಲಿ ಅವರು ನಿಧನರಾದರು. ಸಂಗ್ರಹವು ಅದಕ್ಕೆ ಬಹಳ ಮುಂಚೆಯೇ ವಿಶ್ವವಿದ್ಯಾಲಯವೊಂದರ ಆಶ್ರಯವನ್ನು ಪಡೆದಿತ್ತು. ಒಬ್ಬ ವ್ಯಕ್ತಿಯಲ್ಲಿ ಕೂಡಿದ್ದ ಕೆಲಸಗಳನ್ನು ಸಂಸ್ಥೆಯು ವಹಿಸಿಕೊಂಡಾಗ ಅವು ಹುದ್ದೆಗಳಾಗಿ ಬೇರ್ಪಡುತ್ತವೆ. ಓದಬಲ್ಲವನು ಒಂದು ಕೋಣೆಯಲ್ಲಿ, ಒರೆಸುವವನು ಇನ್ನೊಂದು ಕೋಣೆಯಲ್ಲಿ. ದೊಡ್ಡ ಸಂಸ್ಥೆಗಳಲ್ಲಿ ಇದು ಅನಿವಾರ್ಯ. ಸಣ್ಣ ಸಂಸ್ಥೆಗಳಲ್ಲಿ ಓದಬಲ್ಲವನ ಹುದ್ದೆ ಖಾಲಿ ಉಳಿದು, ಒರೆಸುವವನು ಮಾತ್ರ ಉಳಿಯುವುದು ರೂಢಿ.

ವಸ್ತುವು ಸಂಗ್ರಹಾಲಯಕ್ಕೆ ಬಂದು ಸೇರುವ ಬಗೆಯನ್ನು ಗಮನಿಸಿದರೆ ಮುಖ್ಯವಾದ ಇನ್ನೊಂದು ಅಂಶ ಹೊರಬರುತ್ತದೆ. ರೈತನೊಬ್ಬ ಹೊಲ ಉಳುವಾಗ ಮಡಕೆಯೊಂದು ಒಡೆದು ನಾಣ್ಯಗಳು ಚೆಲ್ಲುತ್ತವೆ. ೧೮೭೮ರ ಭಾರತೀಯ ನಿಧಿ ಕಾಯಿದೆಯು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವನು ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕೆಂದು ವಿಧಿಸಿತು. ರಾಜ್ಯವು ೧೯೬೨ರಲ್ಲಿ ತನ್ನದೇ ಕಾಯಿದೆಯನ್ನು ತಂದಿತು. ಸಿಕ್ಕಿದ್ದೇನು, ಎಷ್ಟು, ಯಾವ ಸ್ಥಳದಲ್ಲಿ, ಯಾವ ದಿನ ಎಂಬುದು ಆ ತಿಳಿವಳಿಕೆಯಲ್ಲಿ ಇರಲೇಬೇಕು. ಪಂಚನಾಮೆ ನಡೆಯುತ್ತದೆ, ತೂಕವಾಗುತ್ತದೆ, ಮೊಹರಾದ ಗಂಟು ಖಜಾನೆಗೆ ಹೋಗುತ್ತದೆ, ಪತ್ರವ್ಯವಹಾರದ ಬಳಿಕ ಸಂಗ್ರಹಾಲಯಕ್ಕೆ ಬರುತ್ತದೆ. ಇಲ್ಲಿಯವರೆಗಿನ ಕಾಗದಗಳಲ್ಲಿ ಸರ್ವೆ ನಂಬರು, ಹೊಲದ ಚೆಕ್ಕುಬಂದಿ, ಸಾಕ್ಷಿಗಳು, ಮಡಕೆಯ ಸ್ಥಿತಿ ಎಲ್ಲವೂ ಇವೆ. ದಂಡ ಶಾಸನವನ್ನು ನೋಡುವ ಕಣ್ಣು ಇತಿಹಾಸಕಾರನಿಗೆ ಬೇಕಾದುದನ್ನೆಲ್ಲ ತಿಳಿಯದೆಯೇ ಬರೆದಿಟ್ಟಿದೆ. ಆಮೇಲೆ ಸಂಗ್ರಹಾಲಯದ ದಾಖಲಾತಿ ವಹಿಯಲ್ಲಿ ಕ್ರಮಸಂಖ್ಯೆ, ಬಂದ ದಿನಾಂಕ, ವಿವರ, ಅಳತೆ, ದೊರೆತ ಸ್ಥಳ, ಅಂದಾಜು ಮೌಲ್ಯ ಎಂಬ ಅಂಕಣಗಳು ತುಂಬುತ್ತವೆ. ಪುಟ ಸಣ್ಣದು, ಅಂಕಣ ಇನ್ನೂ ಸಣ್ಣದು. ಹೊಲವು ಗ್ರಾಮವಾಗುತ್ತದೆ, ಗ್ರಾಮವು ತಾಲ್ಲೂಕಾಗುತ್ತದೆ. ಕೊನೆಗೆ ಪ್ರದರ್ಶನದ ಫಲಕಕ್ಕೆ ಬರುವಾಗ ‘ಪದ್ಮಟಂಕ, ಚಿನ್ನ’ ಎಂಬಷ್ಟು ಮಾತ್ರ ಉಳಿಯುತ್ತದೆ. ರೈತನಿಂದ ಕಾನೂನು ಕೇಳಿ ಪಡೆದ ವಿವರವನ್ನು ಸಂದರ್ಶಕನಿಗೆ ಹೇಳಬೇಕೆಂದು ಯಾವ ಕಾನೂನೂ ಕೇಳಿಲ್ಲ.

ವಹಿಯನ್ನು ಬರೆಯುವವನ ಕೈಬರಹಕ್ಕೆ ಸಂಗ್ರಹಾಲಯದಲ್ಲಿ ಶಾಸನದ ಬೆಲೆಯಿದೆ. ಕಲ್ಲಿನ ಹಿಂಭಾಗದಲ್ಲಿ, ಕಾಣದ ಮೂಲೆಯಲ್ಲಿ, ಬಿಳಿ ಬಣ್ಣದ ಸಣ್ಣ ಪಟ್ಟಿಯ ಮೇಲೆ ಕಪ್ಪು ಶಾಯಿಯಿಂದ ಸಂಖ್ಯೆ ಬರೆದು ಮೇಲೆ ವಾರ್ನಿಷ್ ಸವರುತ್ತಾರೆ. ಆ ಸಂಖ್ಯೆ ಅಳಿಸಿದರೆ, ಅಥವಾ ೧ರಂತೆ ಕಾಣುವ ೭ನ್ನು ಮುಂದಿನವನು ೧ ಎಂದೇ ಓದಿದರೆ, ಕಲ್ಲಿನ ಊರು ಬದಲಾಗಿಬಿಡುತ್ತದೆ. ಅಧಿಕಾರಿ ವರ್ಗವಾದಾಗ ಪ್ರಭಾರ ವಹಿಸಿಕೊಡುವ ಪದ್ಧತಿಯಲ್ಲಿ ಪ್ರತಿ ವಸ್ತುವನ್ನೂ ವಹಿಯೊಡನೆ ತಾಳೆ ನೋಡಿ ಸಹಿ ಹಾಕಬೇಕು. ಹೊಸಬನಿಗೆ ಆ ದಿನಗಳಲ್ಲಿ ದಾರಿ ತೋರಿಸುವವನು ಇಪ್ಪತ್ತು ವರ್ಷದಿಂದ ಅಲ್ಲಿಯೇ ಇರುವ ಪರಿಚಾರಕ. ಯಾವ ಕಲ್ಲು ಯಾವ ಊರಿನ ಕೆರೆಯ ಏರಿಯಿಂದ ಬಂತು, ಯಾವುದು ಲಾರಿಯಿಂದ ಇಳಿಸುವಾಗ ಮುಕ್ಕಾಯಿತು, ಯಾವ ಸಂಖ್ಯೆ ಎರಡು ಕಲ್ಲುಗಳ ಮೇಲೆ ಇದೆ ಎಂಬುದನ್ನು ಅವನು ಬಲ್ಲ. ಇದಾವುದೂ ವಹಿಯಲ್ಲಿಲ್ಲ. ಅವನ ನಿವೃತ್ತಿಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಕಳುಹಿಸುವ ಸಂಸ್ಥೆಯು ಅವನಿಗೆ ತಿಳಿದಿದ್ದನ್ನು ಕೇಳಿ ಬರೆದಿಡುವುದಕ್ಕೆ ಒಂದು ಮಧ್ಯಾಹ್ನವನ್ನು ಮೀಸಲಿಟ್ಟ ಉದಾಹರಣೆ ವಿರಳ. ಜಾನಪದ ಕ್ಷೇತ್ರಕಾರ್ಯಕ್ಕೆ ಹಳ್ಳಿಹಳ್ಳಿಗೆ ಧ್ವನಿಮುದ್ರಣ ಯಂತ್ರವನ್ನು ಹೊತ್ತೊಯ್ದ ನಾಡಿನಲ್ಲಿ ಇದು ಅಚ್ಚರಿಯ ಸಂಗತಿ.

ಈಗ ಫಲಕದ ಕಡೆಗೆ ಬರಬಹುದು. ‘ವೀರಗಲ್ಲು, ಸು. ೧೦ನೆಯ ಶತಮಾನ, ಶಿಲೆ’ ಎಂಬ ಮಾದರಿಯ ಮೂರು ಪದಗುಚ್ಛಗಳ ಫಲಕವು ರಾಜ್ಯದ ಯಾವ ಭಾಗದಲ್ಲಾದರೂ ಕಾಣಸಿಗುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕಲ್ಲು ಶಿಲೆಯದೆಂದು ಹೇಳಿಸಿಕೊಳ್ಳಬೇಕಾದ ಸಂದರ್ಶಕ ಯಾರು? ಬೆಂಗಳೂರಿನ ಸಂಗ್ರಹಾಲಯಕ್ಕೆ ಬಂದ ಬೇಗೂರಿನ ಪ್ರಸಿದ್ಧ ವೀರಗಲ್ಲನ್ನು ತೆಗೆದುಕೊಳ್ಳಬಹುದು. ಆನೆ, ಕುದುರೆ, ಕಾಲಾಳುಗಳ ಸಂದಣಿಯನ್ನು ಕೆತ್ತಿದ ಆ ಕಲ್ಲು, ಗಂಗರ ಎರೆಯಪ್ಪನ ಪರವಾಗಿ ವೀರಮಹೇಂದ್ರನ ಸೈನ್ಯದೊಡನೆ ಕಾದಿ ಮಡಿದ ನಾಗತ್ತರನನ್ನು ಕುರಿತದ್ದು. ಅವನ ತರುವಾಯ ಇರುಗನಿಗೆ ಸಂದ ಬೆಂಪೂರು ಹನ್ನೆರಡರ ಊರುಗಳ ಹೆಸರನ್ನೂ ಅದು ಹೇಳುತ್ತದೆ. ನಾಗತ್ತರನ ಕಾಲದ್ದೇ ಆದ, ಬೆಂಗಳೂರು ಎಂಬ ಹೆಸರನ್ನು ಹೇಳುವ ಸು. ೮೯೦ರ ಇನ್ನೊಂದು ಶಾಸನವು ಬೇಗೂರಿನ ನಾಗೇಶ್ವರ ದೇಗುಲದ ಆವರಣದಲ್ಲಿಯೇ ಉಳಿಯಿತು. ಒಂದೇ ಊರಿನ, ಒಂದೇ ಕಾಲದ, ಒಂದೇ ಮನೆತನದ ನೆನಪಿನ ಎರಡು ಕಲ್ಲುಗಳು ನಗರದ ಎರಡು ಕಡೆಗಳಲ್ಲಿವೆ. ಒಂದರ ಮುಂದೆ ನಿಂತವನಿಗೆ ಇನ್ನೊಂದರ ದಾರಿಯನ್ನು ಹೇಳುವ ಎರಡು ಸಾಲು ಬರೆದರೆ ಸಾಕಿತ್ತು. ಅಂಥ ಸಾಲುಗಳು ಶೈಲಿ, ಕಾಲ, ಮಾಧ್ಯಮ ಎಂಬ ಅಂಕಣಗಳಲ್ಲಿ ಹಿಡಿಸುವುದಿಲ್ಲ. ಕಾಲವನ್ನು ಹೇಳಿದರೆ ಇತಿಹಾಸವನ್ನು ಹೇಳಿದಂತಾಯಿತು ಎಂಬ ನಂಬಿಕೆ ನಮ್ಮ ಫಲಕಗಳ ಹಿಂದೆ ಕೆಲಸ ಮಾಡಿದೆ.

ಫಲಕ ಮಾಡದ ಕೆಲಸವನ್ನು ಪರಿಚಾರಕನು ಬಾಯಿಮಾತಿನಲ್ಲಿ ಮಾಡುತ್ತಾನೆ. ಡಿಸೆಂಬರ್, ಜನವರಿ ತಿಂಗಳ ಶಾಲಾ ಪ್ರವಾಸದ ಕಾಲದಲ್ಲಿ ನೂರು ಮಕ್ಕಳ ಸಾಲು ಹತ್ತು ನಿಮಿಷದಲ್ಲಿ ಕೋಣೆಯನ್ನು ದಾಟಬೇಕು. ಹೊರಗೆ ಬಸ್ಸಿನ ಚಾಲಕ ಹಾರ್ನ್ ಹಾಕುತ್ತಿರುತ್ತಾನೆ. ಇಂಥ ಹತ್ತು ನಿಮಿಷದಲ್ಲಿ ಹೇಳಲಾಗುವ ಇತಿಹಾಸವೆಂದರೆ ವೀರ, ಸ್ವರ್ಗ, ಅಪ್ಸರೆಯರು, ಶಿವಲಿಂಗ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ ಎಂಬ ಮೂರು ಹಂತದ ವಿವರಣೆಯು ಎಷ್ಟೋ ಮಕ್ಕಳಿಗೆ ಕಲ್ಲನ್ನು ಓದುವ ಮೊದಲ ಪಾಠವಾಗಿದೆ. ಈ ವಿವರಣೆಯಲ್ಲಿ ಕೆಲವೊಮ್ಮೆ ಐತಿಹ್ಯವೂ ಉತ್ಪ್ರೇಕ್ಷೆಯೂ ಸೇರುತ್ತವೆ. ವಿದ್ವಾಂಸರು ಅದನ್ನು ಕೇಳಿ ನಕ್ಕದ್ದುಂಟು. ಮಾಹಿತಿ ಕೈಪಿಡಿಯನ್ನು ಪರಿಚಾರಕನ ಕೈಗೆ ಕೊಡದವರಿಗೆ ಆ ನಗೆಯ ಹಕ್ಕಿದೆಯೇ ಎಂಬುದು ಬೇರೆ ಪ್ರಶ್ನೆ.

ಎಲ್ಲಕ್ಕಿಂತ ಸೂಕ್ಷ್ಮವಾದ ಸಂದರ್ಭ ಬರುವುದು ಸುತ್ತಣ ಹಳ್ಳಿಯ ಸಂದರ್ಶಕರಿಂದ. ಅವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರೆ. ಯಾರೂ ಬಿಡಿ ಎಂದು ಹೇಳಿರುವುದಿಲ್ಲ. ಸಪ್ತಮಾತೃಕೆಯರ ಫಲಕದ ಮುಂದೆ ಕೈಮುಗಿಯುತ್ತಾರೆ, ಗಣಪತಿಯ ಪಾದಗಳನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ಕೆಲವರು ನಾಣ್ಯ ಇಡುತ್ತಾರೆ, ಒಮ್ಮೊಮ್ಮೆ ಹಣೆಯ ಕುಂಕುಮ ಕಲ್ಲಿನ ಹಣೆಗೆ ಏರುತ್ತದೆ. ‘ಮುಟ್ಟಬಾರದು’ ಎಂಬ ಬರಹವನ್ನು ಕಾಯುವುದು ಪರಿಚಾರಕನ ಕರ್ತವ್ಯ. ಬೆರಳಿನ ಎಣ್ಣೆ, ಬೆವರು ಶಿಲ್ಪಕ್ಕೆ ಹಾನಿಕರವೆಂಬುದು ಅವನಿಗೆ ತಿಳಿದಿದೆ. ಆದರೆ ಅವನೂ ಅದೇ ಸೀಮೆಯವನು. ತನ್ನ ಊರಿನ ಗುಡಿಯಲ್ಲಿ ಅವನೂ ಹಾಗೆಯೇ ಮುಟ್ಟಿ ನಮಸ್ಕರಿಸುವವನು. ತಡೆದರೆ ಬಂದವರ ಮನಸ್ಸು ನೋಯುತ್ತದೆ, ಬಿಟ್ಟರೆ ಕಲ್ಲು ಸವೆಯುತ್ತದೆ. ಬಹಳ ಕಡೆ ಈ ಬಿಕ್ಕಟ್ಟಿಗೆ ಕಂಡುಕೊಂಡ ಪರಿಹಾರ ಒಂದೇ: ಅವರು ಹೊರಡುವವರೆಗೆ ಬೇರೆ ಕಡೆ ನೋಡುವುದು, ಹೊರಟ ಮೇಲೆ ಒರೆಸುವುದು. ನಿಯಮದ ದೃಷ್ಟಿಯಿಂದ ಇದು ಲೋಪ. ಆದರೆ ದೇಗುಲದಿಂದ ಸಂಗ್ರಹಾಲಯಕ್ಕೆ ಬಂದ ವಿಗ್ರಹಕ್ಕೆ ಎರಡು ಬದುಕುಗಳಿವೆ ಎಂಬ ಸತ್ಯವನ್ನು ಸಂಗ್ರಹಾಲಯಶಾಸ್ತ್ರದ ಕನ್ನಡ ಬರಹಗಳು ಚರ್ಚಿಸುವ ಮೊದಲೇ ಈ ಬಟ್ಟೆ ಒಪ್ಪಿಕೊಂಡಿತ್ತು.

ಜಾನಪದ ಸಂಗ್ರಹಾಲಯಗಳಲ್ಲಿ ಇದೇ ಸಮಸ್ಯೆಯ ಇನ್ನೊಂದು ಮುಖವಿದೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವು ೧೯೬೮ರಲ್ಲಿ ಆರಂಭವಾದಾಗ ಚಿತ್ರಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರೂ ಜೀಶಂಪ ಅವರೂ ವಸ್ತುಗಳನ್ನು ಕಲೆಹಾಕಲು ಶ್ರಮಿಸಿದರು. ಎಚ್.ಎಲ್. ನಾಗೇಗೌಡರ ಜಾನಪದ ಲೋಕ ರಾಮನಗರದ ಬಳಿ ೧೯೯೪ರಲ್ಲಿ ತೆರೆಯಿತು. ಇಲ್ಲಿ ರಾಜರ ಬದಲು ಒನಕೆ, ಕೂರಿಗೆ, ಕೊಳಗ, ಬೀಸುಕಲ್ಲುಗಳು ಪೀಠವೇರಿದವು. ಇತಿಹಾಸದ ದೃಷ್ಟಿಯಲ್ಲಿ ಇದು ದೊಡ್ಡ ತಿರುವು. ಆದರೆ ಉಪಯೋಗದ ವಸ್ತುವಿನ ಫಲಕಕ್ಕೆ ಹೆಸರೊಂದೇ ಸಾಲದು. ಅಳತೆಯ ಪಾತ್ರೆಗೆ ಒಂದು ಸೀಮೆಯಲ್ಲಿ ಇರುವ ಹೆಸರು ಇನ್ನೊಂದು ಸೀಮೆಯಲ್ಲಿ ಇಲ್ಲ. ಹೆಸರು ಒಂದೇ ಇದ್ದಾಗಲೂ ಅಳತೆ ಒಂದೇ ಅಲ್ಲ. ಕೂರಿಗೆಯ ಬಟ್ಟಲಿಗೆ ಬೀಜವನ್ನು ಬಿಡುವ ಕೈ ಯಾರದು, ಎಷ್ಟು ವೇಗದಲ್ಲಿ ಬಿಡಬೇಕು, ಎಲ್ಲ ತಾಳುಗಳಲ್ಲೂ ಬೀಜ ಸಮನಾಗಿ ಇಳಿಯುತ್ತಿದೆಯೆಂದು ತಿಳಿಯುವುದು ಹೇಗೆ ಎಂಬುದನ್ನು ಬಿತ್ತಿದವರೇ ಹೇಳಬೇಕು. ಇಂಥ ಸಂಗ್ರಹಾಲಯಗಳಲ್ಲಿ ಕಸ ಗುಡಿಸುವ, ತೋಟ ನೋಡಿಕೊಳ್ಳುವ ಕೆಲಸಕ್ಕೆ ಬಂದವರಲ್ಲಿ ಬಿತ್ತಿದವರೂ ಬೀಸಿದವರೂ ಇದ್ದರು. ಗಾಜಿನ ಒಳಗೆ ಅವರ ಮನೆಯ ಸಾಮಾನು, ಗಾಜಿನ ಹೊರಗೆ ಅವರು. ಫಲಕವನ್ನು ಬರೆಯಲು ನಿಘಂಟನ್ನು ತೆರೆದವರು ಪಕ್ಕದಲ್ಲಿ ಪೊರಕೆ ಹಿಡಿದವಳನ್ನು ಕೇಳಿದ್ದರೆ ಬೇರೆಯದೇ ಬರಹ ಸಿಗುತ್ತಿತ್ತು.

ಕಳೆದ ಒಂದೆರಡು ದಶಕಗಳಲ್ಲಿ ದಾಖಲಾತಿಯು ಗಣಕಯಂತ್ರಕ್ಕೆ ಬಂದಿದೆ. ಪುಣೆಯ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ‘ಜತನ್’ ತಂತ್ರಾಂಶವು ದೇಶದ ಹಲವು ಸಂಗ್ರಹಾಲಯಗಳ ವಸ್ತುಗಳನ್ನು ಒಂದೇ ಮಾದರಿಯಲ್ಲಿ ನಮೂದಿಸುವುದಕ್ಕೆ ನೆರವಾಯಿತು. ಬೆಂಗಳೂರಿನ ಮಿಥಿಕ್ ಸೊಸೈಟಿಯು ೨೦೨೧ರಿಂದ ನಡೆಸಿದ ಯೋಜನೆಯಲ್ಲಿ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಲಾಯಿತು. ಕಣ್ಣಿಗೆ ಮಾಸಿದ ಅಕ್ಷರವೂ ಅದರಲ್ಲಿ ಓದಲು ಸಿಗುತ್ತದೆ. ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಮಸಿ ತಟ್ಟಿ ಅಚ್ಚು ತೆಗೆಯುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ನಿಸ್ಸಂಶಯವಾಗಿ ಮುನ್ನಡೆ. ಆದರೆ ಗಣಕಕ್ಕೆ ವಿವರ ಹೋಗುವುದು ಹಳೆಯ ವಹಿಯಿಂದ. ಅಂದು ಅಂಕಣದಲ್ಲಿ ಹಿಡಿಸದೆ ಬಿಟ್ಟದ್ದು ಇಲ್ಲಿಯೂ ಖಾಲಿ; ಅಂದು ೧ ಎಂದು ಓದಿದ ೭ ಇಲ್ಲಿ ಅಚ್ಚಳಿಯದ ೧. ಗುತ್ತಿಗೆಯ ಮೇಲೆ ನಮೂದಿಸಲು ಬರುವ ತರುಣನಿಗೆ ದಿನಕ್ಕೆ ಇಂತಿಷ್ಟು ವಸ್ತುಗಳೆಂಬ ಗುರಿ ಇರುತ್ತದೆ. ಪಕ್ಕದಲ್ಲಿ ಕುಳಿತ ಹಿರಿಯ ಪರಿಚಾರಕ ‘ಅದು ಆ ಊರಿನದಲ್ಲ’ ಎಂದರೆ ಅದನ್ನು ಬರೆಯುವುದಕ್ಕೆ ಪರದೆಯ ಮೇಲೆ ಜಾಗವಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು, ಎತ್ತಬೇಕಾದದ್ದೇ. ಕಲ್ಲುಗಳನ್ನು ಊರಿನಿಂದ ತರದೆ ಹೋಗಿದ್ದರೆ ಅವುಗಳಲ್ಲಿ ಎಷ್ಟು ಉಳಿಯುತ್ತಿದ್ದವು? ಬಟ್ಟೆ ಒಗೆಯುವ ಹಾಸುಗಲ್ಲಾದ ಶಾಸನ, ಮೋರಿಗೆ ಚಪ್ಪಡಿಯಾದ ವೀರಗಲ್ಲು, ನಿಧಿಯ ಆಸೆಗೆ ಸೀಳಿದ ಲಿಂಗಮುದ್ರೆ ಕಲ್ಲು, ರಾತ್ರೋರಾತ್ರಿ ಕಳುವಾದ ವಿಗ್ರಹ ಇವೆಲ್ಲ ಕಟ್ಟುಕತೆಗಳಲ್ಲ. ೧೯೭೨ರ ಪ್ರಾಚ್ಯವಸ್ತು ಕಾಯಿದೆಯ ಅಗತ್ಯ ಬಿದ್ದದ್ದೂ ಕಳ್ಳಸಾಗಣೆಯ ಕಾರಣದಿಂದ. ೧೯೩೬ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನವನ್ನು ಮೈಸೂರಿಗೆ ಒಯ್ದುದರಿಂದ ಅದು ಸುರಕ್ಷಿತವಾಗಿ ಉಳಿಯಿತು. ಊರಿನವರ ಪಾಲಿಗೆ ದೊರೆತದ್ದು ಅದರ ಪ್ರತಿಕೃತಿ. ಇದಕ್ಕೆ ಪ್ರತಿಯಾಗಿ, ೨೦೧೮ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಗಂಗ ಶ್ರೀಪುರುಷನ ಕಾಲದ ಕಿಟ್ಟಯ್ಯನ ವೀರಗಲ್ಲನ್ನು ನಾಗರಿಕರೇ ಸೇರಿ ಅಲ್ಲಿಯೇ ಮಂಟಪ ಕಟ್ಟಿ ನಿಲ್ಲಿಸಿದರು. ಎರಡೂ ದಾರಿಗಳು ಸಾಧುವೇ. ಹೆಬ್ಬಾಳದ ದಾರಿ ಎಲ್ಲ ಊರುಗಳಿಗೂ ಸಾಧ್ಯವೆಂದು ಹೇಳಲಾಗದು. ಮಂಟಪ ಕಟ್ಟುವ ಉತ್ಸಾಹ ಒಂದು ಬಗೆಯದು, ಹತ್ತು ವರ್ಷದ ನಂತರವೂ ಅದರ ಸುತ್ತ ಬೆಳೆದ ಪಾರ್ಥೇನಿಯಂ ಕೀಳುವುದು ಇನ್ನೊಂದು ಬಗೆಯದು. ಆದ್ದರಿಂದ ಸಂಗ್ರಹಾಲಯವನ್ನು ಕುರಿತ ಆಕ್ಷೇಪವು ಕಲ್ಲನ್ನು ತಂದದ್ದರ ಮೇಲಲ್ಲ. ತಂದ ಕಲ್ಲಿನೊಡನೆ ಬರಬೇಕಾಗಿದ್ದ ಊರನ್ನು ದಾರಿಯಲ್ಲಿಯೇ ಬಿಟ್ಟದ್ದರ ಮೇಲೆ, ಮತ್ತು ಆ ಊರನ್ನು ಇನ್ನೂ ನೆನಪಿಟ್ಟುಕೊಂಡಿರುವ ಕೆಳಹಂತದ ನೌಕರನ ಮಾತನ್ನು ವಿದ್ವತ್ತಿನ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದರ ಮೇಲೆ.

ಇದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ದಾಖಲಾತಿ ವಹಿಯ ಪಕ್ಕದಲ್ಲಿ ಇನ್ನೊಂದು ವಹಿಯನ್ನು ಇಟ್ಟು, ಕಲ್ಲಿಗೆ ಉಪ್ಪು ಬಂದ ದಿನ, ಕಂಚಿಗೆ ಹಸಿರು ಕಂಡ ದಿನ, ಯಾವುದೋ ಊರಿನ ಮುದುಕನೊಬ್ಬ ಬಂದು ‘ಇದು ನಮ್ಮ ಹೊಲದಲ್ಲಿದ್ದ ಕಲ್ಲು’ ಎಂದ ದಿನ ಇವನ್ನು ಪರಿಚಾರಕನೇ ತನ್ನ ಭಾಷೆಯಲ್ಲಿ ಬರೆಯುವಂತಾದರೆ ಸಾಕು. ಬರೆಯಲು ಹಿಂಜರಿಯುವವನಿಂದ 
ಕೇಳಿ ಬರೆದುಕೊಂಡರೂ ಆದೀತು. ಸಂದರ್ಶಕರ ಅಭಿಪ್ರಾಯ ಪುಸ್ತಕವಿಲ್ಲದ ಸಂಗ್ರಹಾಲಯವಿಲ್ಲ; ಅದರ ಪುಟಗಳಲ್ಲಿ ‘ಚೆನ್ನಾಗಿದೆ’ ಎಂಬ ಮಾತು ಸಾವಿರ ಸಲ ಇದೆ. ದಿನವೂ ಅಲ್ಲಿರುವವನ ಅಭಿಪ್ರಾಯಕ್ಕೆ ಮಾತ್ರ ಪುಸ್ತಕವಿಲ್ಲ.

ಚಲ್ಲೇಶ್ವರನ ಗೊರವನಿಗೆ ಕೆಲಸವನ್ನು ಒಪ್ಪಿಸಿದವರು ಅದನ್ನು ಕಲ್ಲಿನಲ್ಲಿಯೇ ಬರೆದಿದ್ದರು. ಶಿವಾಲಯಕ್ಕೆ ಸೋಮವಾರ ವಿಶೇಷ ದಿನ. ವಸ್ತುಸಂಗ್ರಹಾಲಯಗಳಿಗೆ ವಾರದ ರಜೆ ಬಹುಮಟ್ಟಿಗೆ ಸೋಮವಾರವೇ. ಮಂಗಳವಾರ ಬೆಳಿಗ್ಗೆ ಬೀಗ ತೆಗೆದವನಿಗೆ ಕಲ್ಲುಗಳ ಮೇಲೆ ಎರಡು ದಿನದ ಧೂಳು ಇರುತ್ತದೆ. ನಾಯಿ ಮತ್ತು ಹಂದಿಯ ಕೆತ್ತನೆಯ ತಗ್ಗುಗಳಲ್ಲಿ ಅದು ಸೇರಿಕೊಳ್ಳುವುದರಿಂದ ಬಟ್ಟೆ ಸಾಲದು, ಅಲ್ಲಿಗೆ ಕುಂಚವೇ ಬೇಕು.